ತೊಟ್ಟವರ ಎಡ

ನಮ್ಮ ಮನೆಯಲ್ಲಿ ಎಡ ಬಲ ಎನ್ನುವುದು ಹುಡುಗಾಟದ ವಿಷಯವಲ್ಲ. ಅಪ್ಪ ದರ್ಜಿ. ಅವನ ಲೆಕ್ಕದಲ್ಲಿ ಎಡ ಎಂದರೆ ಅಂಗಿ ತೊಟ್ಟವರ ಎಡ; ಎದುರು ನಿಂತು ನೋಡುವವರ ಎಡವನ್ನು ಅವನು ಎಡ ಎಂದು ಒಪ್ಪುವುದೇ ಇಲ್ಲ. ಅವನ ಜೊತೆ ಕೂತು ಗುಂಡಿ ಹಚ್ಚಿ ಹಚ್ಚಿ ಅಮ್ಮನಿಗೂ ಅದೇ ರೂಢಿಯಾಗಿದೆ. ನಮ್ಮ ಮನೆಯೂ ಅಂಗಿ ತೊಟ್ಟು ಬೀದಿಗೆ ಮುಖ ಮಾಡಿ ನಿಂತಿದೆ ಎಂದೇ ಇಬ್ಬರೂ ತಿಳಿದಿದ್ದಾರೆ. ಬಚ್ಚಲು ಎಡಗಡೆ ಇದೆ ಹೋಗಿ ಎಂದು ಅಮ್ಮ ಹೇಳಿದ್ದನ್ನು ನಂಬಿ ಸೀದಾ ಅಡುಗೆಮನೆಗೆ ನುಗ್ಗಿದ ನೆಂಟರು ಒಬ್ಬಿಬ್ಬರಲ್ಲ.

ಅಮ್ಮ ವಾರಕ್ಕೊಮ್ಮೆ, ಶನಿವಾರ ಸಂಜೆ, ಹೆಂಗಸರ ಹಾಡಿನ ಗುಂಪಿಗೆ ಹೋಗುತ್ತಾಳೆ. ಶಾಲೆಯೊಂದರ ಹಾಲಿನಲ್ಲಿ ಎಲ್ಲರೂ ಸೇರುತ್ತಾರೆ, ಹಾಡಿನ ಮೇಡಂ ಎನ್ನುವವರು ಕಲಿಸುತ್ತಾರೆ. ಸಾಮಾನು ತರಲು ಅಲ್ಲದೆ, ಕಾಯಿಲೆಯವರನ್ನು ನೋಡಲು ಅಲ್ಲದೆ, ಬರೀ ತನಗೋಸ್ಕರ ಅಂತ ಅಮ್ಮ ಹೊಸ್ತಿಲು ದಾಟುವುದು ಅದೊಂದಕ್ಕೆ. ಆ ಸಂಜೆ ಅವಳು ಒಳ್ಳೆಯ ಸೀರೆ ಉಟ್ಟು ಬೇಗಬೇಗ ಹೊರಡುವುದನ್ನು ನೋಡಿದರೆ ನನಗೆ ಖುಷಿಯಾಗುತ್ತದೆ.

ಮೊನ್ನೆ ಗುಂಪಿನ ಹಾಡುಗಳನ್ನು ರೆಕಾರ್ಡ್ ಮಾಡಿ ಎಲ್ಲರಿಗೂ ಒಂದೊಂದು ಸಿಡಿ ಕೊಟ್ಟರು. ನಮ್ಮಲ್ಲಿ ಅದನ್ನು ಹಾಕಿ ಕೇಳುವ ಯಂತ್ರವಿಲ್ಲ. ಅಮ್ಮ ಸಿಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕದ ಮನೆಯ ನರ್ಸಮ್ಮನ ಹತ್ತಿರ ಓಡಿದಳು. ನರ್ಸಮ್ಮನ ಬಳಿ ಕೈಯಲ್ಲಿ ಹಿಡಿಯುವಂಥ ಪುಟ್ಟ ಪ್ಲೇಯರ್ ಇದೆ, ಕಿವಿಗೆ ಸಿಕ್ಕಿಸಿಕೊಳ್ಳುವ ವೈರು ಇದೆ. ಅದರ ಒಂದು ಕಿವಿ ಕೆಟ್ಟು ಎಷ್ಟೋ ಕಾಲವಾಗಿದೆ. ಇನ್ನೊಂದು ಕಿವಿಯಲ್ಲೇ ಅಮ್ಮ ಮೊದಲಿನಿಂದ ಕೊನೆಯವರೆಗೆ ಕೇಳಿ ಬಂದಳು. ಬಂದವಳು ಸಿಡಿಯನ್ನು ಫ್ರಿಜ್ಜಿನ ಮೇಲೆ ಬೋರಲಾಗಿ ಇಟ್ಟು, "ನಾನಿಲ್ಲ ಅದರಲ್ಲಿ," ಅಂದಳು.

ಎಲ್ಲರ ಧ್ವನಿಯೂ ಇದೆಯಂತೆ, ಅವಳದೊಂದೇ ಇಲ್ಲವಂತೆ. ಹಿಂದಿನ ವಾರ ಹಾಡಿನ ಮೇಡಂ ಅವಳಿಗೆ ಸ್ವಲ್ಪ ಮೆತ್ತಗೆ ಹಾಡಿ ಅಂದಿದ್ದರು, ಹಾಗಾಗಿ ಬೇಕೆಂದೇ ತನ್ನ ಧ್ವನಿ ತೆಗೆಸಿದ್ದಾರೆ ಎಂದು ಅಮ್ಮ ತೀರ್ಮಾನ ಮಾಡಿಬಿಟ್ಟಳು. ಇನ್ನು ಗುಂಪಿಗೆ ಹೋಗುವುದಿಲ್ಲ, ಶನಿವಾರ ಹೋಗಿ ಹೇಳಿ ಬಂದುಬಿಡುತ್ತೇನೆ ಎಂದಳು. ನಾನು ಏನೇನೋ ಸಮಾಧಾನ ಹೇಳಿದೆ. ಅವಳು ತಲೆ ಅಲ್ಲಾಡಿಸುತ್ತ ಗುಂಡಿ ಹಚ್ಚುತ್ತಿದ್ದಳು. ನನಗೆ ಮೇಡಂ ಮೇಲೆ ಸಿಟ್ಟು ಬಂತು.

ಅಪ್ಪ ಮಾತಿನಲ್ಲಿ ಸಮಾಧಾನ ಮಾಡುವ ಗಂಡಸಲ್ಲ. ಮಿಷನ್ ನಿಲ್ಲಿಸಿ, ಕನ್ನಡಕ ಹಣೆಗೇರಿಸಿ, ಸರಿಯಾದ ಸಿಡಿ ಪ್ಲೇಯರ್ ತಂದು ಬೀರುವಿನ ಮೇಲಿರುವ ನಮ್ಮ ಹಳೆಯ ಸ್ಟೀರಿಯೊಗೆ ಜೋಡಿಸಿ ಕೇಳೋಣ, ಆಗಲೂ ನಿನ್ನ ಧ್ವನಿ ಇಲ್ಲದಿದ್ದರೆ ಬಿಡುವೆಯಂತೆ ಎಂದ. ಅಮ್ಮ ಒಪ್ಪಿದಳು. ಒಪ್ಪಿದಳು ಅನ್ನುವುದಕ್ಕಿಂತ, ಬೇಡ ಎಂದು ವಾದಿಸಲು ಅವಳಿಗೆ ಮನಸ್ಸಿರಲಿಲ್ಲ.

ಅಂಗಡಿಗೆ ಹೊರಟವರು ಮೂವರು. ಅಪ್ಪ, ನಾನು ಮತ್ತು ಬ್ರೇಕ್ ಚಿಕ್ಕಪ್ಪ. ಚಿಕ್ಕಪ್ಪ ಬಸ್ ಡ್ರೈವರ್. ಸೋಫಾದಲ್ಲಿ ಕೂತಾಗಲೂ ಮಾತು ಬಿಸಿಯಾದರೆ ಬಲಗಾಲು ಒತ್ತುತ್ತಾನೆ, ಅದಕ್ಕೇ ಆ ಹೆಸರು. ಯಂತ್ರ ಅಂದಮೇಲೆ ತನಗೆ ಗೊತ್ತಿರಲೇಬೇಕು ಎನ್ನುವುದು ಅವನ ನಂಬಿಕೆ. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಪೊಟ್ಟಣದೊಳಗಿನ ಚೀಟಿಯನ್ನು ಕೊನೆಯ ಸಾಲಿನವರೆಗೂ ಓದುವ ಕೆಟ್ಟ ಅಭ್ಯಾಸ ನನ್ನದು. ಹೀಗೆ ಮೂವರಿಗೂ ತಮ್ಮ ತಮ್ಮ ಮೂಗಿನ ನೇರಕ್ಕೆ ಮಾತಾಡಲು ಧಾರಾಳ ಅವಕಾಶವಿತ್ತು.

ಅಂಗಡಿಯವನು ಪ್ಲೇಯರುಗಳನ್ನು ಸಾಲಾಗಿ ಇಟ್ಟು, ದೀಪ ಹೊತ್ತಿಸಿ ತೋರಿಸಿದ. ಅಪ್ಪ ಒಂದರ ಮುಖವನ್ನೂ ನೋಡಲಿಲ್ಲ. ಎಲ್ಲವನ್ನೂ ತಿರುಗಿಸಿ ಬೆನ್ನು ತೋರಿಸು ಎಂದ. ಬಟ್ಟೆಯ ಒಳಮಗ್ಗುಲು ತಿರುವಿ ಹೊಲಿಗೆ ನೋಡದೆ ಅವನು ಯಾವ ಅಂಗಿಯನ್ನೂ ಒಳ್ಳೆಯದು ಅಂದವನಲ್ಲ. ಚಿಕ್ಕಪ್ಪನ ಕಣ್ಣು ಬಣ್ಣಬಣ್ಣದ ದೀಪ ಕುಣಿಯುವ ಒಂದರ ಮೇಲೆ ಬಿದ್ದಿತ್ತು. ಅದಕ್ಕೆ ಸ್ವಂತ ಸ್ಪೀಕರುಗಳು ಅಂಟಿಕೊಂಡೇ ಇದ್ದವು, ಹಿಂದೆ ವೈರು ಸಿಕ್ಕಿಸುವ ತೂತೇ ಇರಲಿಲ್ಲ. ಇದನ್ನು ನಮ್ಮ ಹಳೆಯ ಸ್ಟೀರಿಯೊಗೆ ಸೇರಿಸಬಹುದೇ ಎಂದು ನಾನು ಕೇಳಿದೆ. ಸೇರಿಸಬೇಕು ಅಂದರೆ ಸೇರಿಸಬಹುದು, ಬೇಡ ಅಂದರೆ ಬೇಡ ಎಂದು ಅಂಗಡಿಯವನು ಅಡ್ಡಗೋಡೆಯ ಮೇಲೆ ದೀಪವಿಟ್ಟ. ಹಿಂದುಗಡೆ ಒಂದು ಕೆಂಪು, ಒಂದು ಬಿಳಿ, ಎರಡು ತೂತು ಇರುವವನ್ನು ಮಾತ್ರ ಇಲ್ಲಿಡಿ, ಉಳಿದವನ್ನು ಒಳಗೆ ಇಟ್ಟುಬಿಡಿ ಎಂದು ನಾನೇ ಹೇಳಬೇಕಾಯಿತು.

ಮೂರು ಉಳಿದವು. ಅಪ್ಪ ಒಂದೊಂದರ ಗುಂಡಿಯನ್ನೂ ಒತ್ತಿ, ಸಿಡಿ ಇಡುವ ತಟ್ಟೆ ಹೊರಗೆ ಬಂದು ಒಳಗೆ ಹೋಗುವುದನ್ನು ನೋಡುತ್ತ ನಿಂತ. ಒಂದರ ತಟ್ಟೆ ಕುಪ್ಪಳಿಸಿಕೊಂಡು ಬಂತು. ಜಿಪ್ ಸರಿಯಿಲ್ಲ ಎಂದು ಅದನ್ನು ಪಕ್ಕಕ್ಕೆ ತಳ್ಳಿದ. ಚಿಕ್ಕಪ್ಪ ತನ್ನ ಪರೀಕ್ಷೆಗೆ ಇಳಿದ. ಅಂಗಡಿಯವನು ಹಾಕಿದ ಹಾಡು ನಡೆಯುತ್ತಿರುವಾಗ, ಹೊಂಡದ ರಸ್ತೆ ಬಂತು ಎಂದು ಹೇಳಿ ಮೇಜನ್ನು ಹಿಡಿದು ಅಲ್ಲಾಡಿಸಿಬಿಟ್ಟ. ಒಂದು ಪ್ಲೇಯರ್ ಹಾಡನ್ನು ಎಗರಿಸಿ ಮುಂದಕ್ಕೆ ಓಡಿತು. ಇನ್ನೊಂದು ಜಗ್ಗಲಿಲ್ಲ. ಅಂಗಡಿಯವನ ಮುಖ ಸುಟ್ಟ ಬದನೆಕಾಯಿಯಾಗಿತ್ತು, ಆದರೂ ಜಗ್ಗದೆ ಇದ್ದದ್ದನ್ನು ಚೆನ್ನಾಗಿ ಕಟ್ಟಿ ಕೊಟ್ಟ. ದೀಪವೂ ಇಲ್ಲ, ಥಳಕೂ ಇಲ್ಲ, ಕಪ್ಪನೆಯ ಒಂದು ಪೆಟ್ಟಿಗೆ.

ನಮ್ಮ ಸ್ಟೀರಿಯೊ ಅಪ್ಪ ಮದುವೆಗೆ ಮೊದಲು ಕೊಂಡದ್ದು. ಅದರ ರೆಕಾರ್ಡ್ ಪ್ಲೇಯರಿನ ಮುಳ್ಳು ಮುರಿದಮೇಲೆ ಎಲ್ಲವನ್ನೂ ಬೀರುವಿನ ಮೇಲೆ ಏರಿಸಿಟ್ಟಿದ್ದೆವು. ಆಂಪ್ಲಿಫೈಯರನ್ನೂ ಎರಡು ಸ್ಪೀಕರ್ ಡಬ್ಬಗಳನ್ನೂ ಇಳಿಸಿ, ಒರೆಸಿ, ಮುಂದಿನ ಕೋಣೆಗೆ ತಂದೆವು. ಅದು ಅಪ್ಪನ ಅಂಗಡಿಯೂ ಹೌದು. ಕತ್ತರಿ ಮೇಜಿನ ಮೇಲೆ ಆಂಪ್ಲಿಫೈಯರ್ ಕೂತಿತು. ಡಬ್ಬಗಳನ್ನು ಕೋಣೆಯ ಆ ಗೋಡೆಗೊಂದು ಈ ಗೋಡೆಗೊಂದು ಇಡುವುದೆಂದಾಯಿತು.

ಆಂಪ್ಲಿಫೈಯರಿನ ಬೆನ್ನ ಮೇಲೆ ಸಾಲುಸಾಲು ತೂತುಗಳು. ಪ್ಲೇಯರಿನ ಜೊತೆ ಬಂದ ಚೀಟಿಯನ್ನು ನಾನು ಬಿಡಿಸುವಷ್ಟರಲ್ಲಿ ಅಪ್ಪ ವೈರಿನ ತುದಿಗಳನ್ನು ಮೊದಲು ಕಂಡ ಜೋಡಿಗೆ ಸಿಕ್ಕಿಸಿಯಾಗಿತ್ತು. ಗುಂಡಿ ತೂರಿದರೆ ಅದೇ ಕಾಜಾ ಎನ್ನುವುದು ಅವನ ವಾದ. ಆ ಜೋಡಿಯ ಮೇಲೆ ಫೋನೊ ಎಂದು ಬರೆದಿತ್ತು. ಫೋನು ಬಂದರೆ ಹಾಡು ತಾನೇ ನಿಲ್ಲುತ್ತದೆ ಎಂದು ಚಿಕ್ಕಪ್ಪ ವಿವರಿಸಿದ. ಅಂಗಡಿಯವರು ಪುಕ್ಕಟೆ ಕೊಟ್ಟಿದ್ದ ಸಿಡಿಯೊಂದನ್ನು ಹಾಕಿ ಗುಂಡಿ ಒತ್ತಿದೆವು. ಸಿಡಿ ಹೆಸರಿಗೆ ತಕ್ಕಂತೆ ಸಿಡಿಯಿತು. ಅದು ಹಾಡೋ ಗುಡುಗೋ ತಿಳಿಯದಂಥ ಸದ್ದಿಗೆ ಮೇಜಿನ ಮೇಲಿದ್ದ ಸೂಜಿಗಳೆಲ್ಲ ಕುಣಿದವು. ಚಿಕ್ಕಪ್ಪ ನಿಂತಲ್ಲೇ ಬ್ರೇಕ್ ಒತ್ತಿದ. ನಾನು ಪ್ಲಗ್ ಕಿತ್ತೆ.

ಚೀಟಿಯಲ್ಲಿ ಸ್ಪಷ್ಟವಾಗಿಯೇ ಇತ್ತು. ರೆಕಾರ್ಡಿನ ಮುಳ್ಳು ಎತ್ತುವ ಸದ್ದು ತೀರ ಸಣ್ಣದು, ಅದನ್ನು ಹತ್ತಾರು ಪಟ್ಟು ದೊಡ್ಡದು ಮಾಡುವ ತೂತು ಫೋನೊ. ಸಿಡಿ ಪ್ಲೇಯರಿನ ಸದ್ದು ಮೊದಲೇ ಮೈತುಂಬಿಕೊಂಡಿರುತ್ತದೆ. ಆಕ್ಸ್ ಎಂದು ಬರೆದಿರುವ ಜೋಡಿಗೆ ಸಿಕ್ಕಿಸಿ, ಮುಂದಿನ ಗುಂಡಿಯನ್ನೂ ಆಕ್ಸ್‌ಗೆ ತಿರುಗಿಸಬೇಕು. ಹಾಗೆ ಮಾಡಿದಾಗ ಹಾಡು ಹಾಡಿನಂತೆ ಬಂತು. ಹೊಟ್ಟೆ ತುಂಬಿದವನಿಗೆ ಮತ್ತೆ ಬಡಿಸಿದ ಹಾಗಾಯಿತು ಎಂದು ಅಪ್ಪ ತನ್ನ ತಪ್ಪಿಗೆ ತಾನೇ ನಕ್ಕ.

ಇನ್ನು ಉಳಿದದ್ದು ಡಬ್ಬಗಳ ಎಡ ಬಲ. ಒಂದರ ಬೆನ್ನಿಗೆ ಎಡ ಎನ್ನುವ ಗುರುತು, ಇನ್ನೊಂದಕ್ಕೆ ಬಲ. ಸ್ಟೀರಿಯೊ ನಮ್ಮ ಕಡೆ ಮುಖ ಮಾಡಿ ಕೂತಿದೆ, ಅದರ ಎಡ ನಮ್ಮ ಬಲಕ್ಕೆ ಬರುತ್ತದೆ, ಹಾಗಾಗಿ ಎಡ ಡಬ್ಬ ನಮ್ಮ ಬಲಗೋಡೆಗೆ ಎಂದು ಅಪ್ಪ ಹೊತ್ತುಕೊಂಡು ಹೊರಟ. ಚಿಕ್ಕಪ್ಪ ಅಡ್ಡ ನಿಂತ. ಸೀಟಿನಲ್ಲಿ ಕೂತು ಮುಂದೆ ನೋಡುವವನ ಎಡ ಯಾವುದೋ ಅದೇ ಎಡ, ಇಡೀ ಜಗತ್ತಿನ ವಾಹನಗಳು ಅದರ ಮೇಲೆ ಓಡುತ್ತಿವೆ ಎಂದ. ಇಬ್ಬರೂ ನನ್ನ ಮುಖ ನೋಡಿದರು. ಚೀಟಿಯಲ್ಲಿ ಕುರ್ಚಿ ಮೇಲೆ ಕೂತ ಒಬ್ಬ ಮನುಷ್ಯನ ಚಿತ್ರವಿತ್ತು, ಅವನ ಎಡಗೈ ಕಡೆ ಎಡ ಡಬ್ಬ. ಚಿಕ್ಕಪ್ಪ ಗೆದ್ದ. ಅಪ್ಪ ಡಬ್ಬವನ್ನು ವಾಪಸು ತಂದಿಟ್ಟು ಮುಖ ಊದಿಸಿಕೊಂಡ.

ಅಮ್ಮನನ್ನು ಕರೆದೆವು. ಕೈ ಒರೆಸಿಕೊಳ್ಳುತ್ತ ಬಂದಳು. ಫ್ರಿಜ್ಜಿನ ಮೇಲಿನ ಸಿಡಿಯನ್ನು ನಾನೇ ತಂದು ತಟ್ಟೆಯಲ್ಲಿಟ್ಟೆ. ರೆಕಾರ್ಡ್ ಮಾಡುವಾಗ ಗುಂಪಿನ ಆ ತುದಿಗೊಂದು ಈ ತುದಿಗೊಂದು ಮೈಕು ಇಟ್ಟಿದ್ದರು, ತಾನು ಬಲತುದಿಯಲ್ಲಿ ಒಂದು ಮೈಕಿನ ಎದುರಿಗೇ ಇದ್ದೆ ಎಂದು ಅಮ್ಮ ಹೇಳಿ, ಸ್ಟೂಲು ಎಳೆದುಕೊಂಡು ಬಲಗೋಡೆಯ ಡಬ್ಬದ ಪಕ್ಕದಲ್ಲೇ ಕೂತಳು. ಕಿವಿಯನ್ನು ಡಬ್ಬಕ್ಕೆ ಆನಿಸಿದಳು. ಹಾಡು ಶುರುವಾಯಿತು. ನಾವು ಮೂವರೂ ಹಾಡು ಕೇಳಲಿಲ್ಲ, ಅಮ್ಮನ ಮುಖ ನೋಡುತ್ತಿದ್ದೆವು. ಆ ಮುಖ ನಿಧಾನವಾಗಿ ಸಣ್ಣದಾಗುತ್ತ ಹೋಯಿತು.

ಹಾಡು ಮುಗಿಯುವ ಮೊದಲೇ ಅಮ್ಮ ಎದ್ದಳು. "ಬೇಕರಿಯವಳು ಇದ್ದಾಳೆ, ಪೋಸ್ಟಾಫೀಸಿನವಳು ಇದ್ದಾಳೆ. ಅವರೆಲ್ಲ ಆ ತುದೀಲಿ ನಿಂತಿದ್ದವರು. ನನ್ನನ್ನ ತೆಗೆದಿದ್ದಲ್ಲದೆ ನನ್ನ ಜಾಗದಲ್ಲಿ ಅವರನ್ನ ತಂದು ಕೂರಿಸಿದ್ದಾರೆ," ಅಂದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಒಳಗೆ ಹೋಗಿ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ತೊಳೆಯಲು ಪಾತ್ರೆ ಇಲ್ಲದಿದ್ದರೂ ನಲ್ಲಿ ಬಿಟ್ಟಿದ್ದಾಳೆ ಎಂದು ನನಗೆ ಗೊತ್ತಾಯಿತು. ಚಿಕ್ಕಪ್ಪ ತಲೆ ತಗ್ಗಿಸಿದ.

ಅಪ್ಪ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಡಬ್ಬವನ್ನು ದಿಟ್ಟಿಸುತ್ತಿದ್ದ. "ಆ ತುದಿಯವರು ಈ ಕಡೆ ಬಂದರು ಅಂದ್ರೆ ಏನರ್ಥ? ನಾನು ಹೇಳಲಿಲ್ವೇನೋ, ತಿರುಗುಮುರುಗಾಗಿದೆ ಅಂತ," ಎಂದು ತಮ್ಮನ ಮೇಲೆ ಹರಿಹಾಯ್ದ. ಚೀಟಿಯ ಚಿತ್ರ ತೋರಿಸಲು ಹೋದ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದ. ಹಿಡಿದ ಪಟ್ಟು ಬಿಡುವ ಜಾತಿಯಲ್ಲ ಅವನು. ಎರಡೂ ಡಬ್ಬಗಳನ್ನು ಒಂದೊಂದಾಗಿ ಹೊತ್ತು ಅದಲು ಬದಲು ಮಾಡಿದ. ವೈರು ಸಾಲದೆ ಮೇಜನ್ನೇ ಜರುಗಿಸಿದ. ಆಮೇಲೆ ಬಾಗಿಲ ಹತ್ತಿರ ಹೋಗಿ, "ಏ, ಇವಳೇ, ಇನ್ನೊಂದು ಸಲ ಬಂದು ಕೂತ್ಕೋ," ಎಂದು ಕರೆದ.

ಬೇಡ ಬಿಡಿ ಎಂದು ಒಳಗಿನಿಂದ ಉತ್ತರ ಬಂತು. ಅಪ್ಪ ಅಲ್ಲಿಂದ ಅಲುಗಲಿಲ್ಲ. ಅವನು ಬಾಗಿಲಲ್ಲಿ ನಿಂತಿರುವವರೆಗೂ ಯಾರೂ ಯಾವ ಕೆಲಸವನ್ನೂ ಮಾಡಲಾರರು ಎಂದು ಅಮ್ಮನಿಗೂ ಗೊತ್ತು. ಅವಳು ಬಂದು ಅದೇ ಸ್ಟೂಲಿನ ಮೇಲೆ, ಅದೇ ಬಲಗೋಡೆಯ ಪಕ್ಕ ಕೂತಳು. ನಾನು ಹಾಡನ್ನು ಮೊದಲಿನಿಂದ ಹಾಕಿದೆ.

ಎಲ್ಲರಿಗಿಂತ ಕೂದಲೆಳೆಯಷ್ಟು ಮೊದಲು ಒಂದು ಧ್ವನಿ ಎದ್ದಿತು. ಸ್ವಲ್ಪ ದಪ್ಪ, ಸ್ವಲ್ಪ ಅವಸರದ, ಸಾಲಿನ ಕೊನೆಯಲ್ಲಿ ಉಸಿರು ಸಾಲದೆ ತುಸು ಜಾರುವ ಧ್ವನಿ. ಅದರ ಬೆನ್ನಿಗೆ ಉಳಿದವರು ಬಂದರು. ಅಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ, ನಾನೇ ಮೊದಲು ಎತ್ತಿಬಿಟ್ಟಿದೀನಿ," ಅಂದಳು. ಮರುಕ್ಷಣವೇ, ಅದಕ್ಕೇ ಇರಬೇಕು ಮೇಡಂ ಮೆತ್ತಗೆ ಅಂದದ್ದು ಎಂದು ನಗಲು ಶುರು ಮಾಡಿದಳು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಲೇ ಇದ್ದಳು. ನನಗೂ ಕಣ್ಣು ತುಂಬಿತು, ನಾಚಿಕೆಯೇನಿಲ್ಲ.

ಅಪ್ಪ ಗೆದ್ದೆ ಎಂದು ಬೀಗಿದ. ಚಿಕ್ಕಪ್ಪ ಸೋಲೊಪ್ಪಲಿಲ್ಲ. ನಾನು ಇಬ್ಬರನ್ನೂ ಕೂರಿಸಿ ಹೇಳಿದೆ. ಮೈಕು ಹಾಡುವವರಿಗೆ ಎದುರಾಗಿ ಇರುತ್ತದೆ, ಹಾಡುವವರ ಬಲ ಅದಕ್ಕೆ ಎಡ. ಅಮ್ಮ ಬಲತುದಿ ಅಂದದ್ದು ನಿಂತವಳ ಬಲ. ಅವಳ ಧ್ವನಿ ಸೇರಿದ್ದು ಎಡ ಡಬ್ಬಕ್ಕೆ. ಚೀಟಿಯ ಪ್ರಕಾರ ಅಪ್ಪ ಡಬ್ಬವನ್ನು ತಪ್ಪಾಗಿ ಇಟ್ಟ, ಆ ತಪ್ಪಿನಿಂದಲೇ ಎಡ ಡಬ್ಬ ಅಮ್ಮ ಕೂತ ಬಲಗೋಡೆಗೆ ಬಂತು. ನರ್ಸಮ್ಮನ ವೈರಿನಲ್ಲಿ ಕೆಟ್ಟಿದ್ದದ್ದು ಎಡಗಿವಿ, ಹಾಗಾಗಿ ಅಲ್ಲಿಯೂ ಅಮ್ಮ ಸಿಕ್ಕಿರಲಿಲ್ಲ. ಯಾರೂ ಯಾರನ್ನೂ ತೆಗೆಸಿರಲಿಲ್ಲ. ಎಲ್ಲ ಕೇಳಿ ಅಪ್ಪ, ಹಾಗಾದರೆ ನಾನು ಹೇಳಿದ್ದೇ ಸರಿ ಅಂದ. ಅವನ ಜೊತೆ ಇನ್ನು ವಾದ ಬೇಡವೆಂದು ನಾನು ಚೀಟಿ ಮಡಿಸಿಟ್ಟೆ.

ಅಮ್ಮ ಅದೇ ಹಾಡನ್ನು ಮತ್ತೆ ಹಾಕಿಸಿದಳು, ಮತ್ತೆ ಹಾಕಿಸಿದಳು. ಅಪ್ಪ ಈಗ ಬೀಗುವುದನ್ನು ನಿಲ್ಲಿಸಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ. ಡಬ್ಬದ ಕಡೆ ತಲೆ ವಾಲಿಸಿ ಬಹಳ ಹೊತ್ತು ಕೇಳಿದ.

"ನೀನು ಹಾಡೋದನ್ನ ನಾನು ಇಷ್ಟು ವರ್ಷ ಕೇಳೇ ಇಲ್ಲ ಅಲ್ವಾ?" ಎಂದ.

"ಹೇಗೆ ಕೇಳ್ತೀರಿ?" ಅಂದಳು ಅಮ್ಮ. "ನಿಮ್ಮ ಮಿಷನ್ ಓಡೋವಾಗ ಮಾತ್ರ ನಾನು ಹಾಡೋದು. ಅದು ನಿಂತ ಕೂಡಲೇ ನಾಚಿಕೆಯಾಗಿ ನಿಲ್ಲಿಸಿಬಿಡ್ತೀನಿ."

ಅಪ್ಪ ಕತ್ತಿನ ಸುತ್ತ ಇದ್ದ ಅಳತೆ ಟೇಪನ್ನು ತೆಗೆದು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ನಾಳೆಯೊಳಗೆ ಕೊಡಬೇಕಾದ ಅಂಗಿಯ ನೆನಪಾಗಿ ಎದ್ದು ಕೆಲಸಕ್ಕೆ ಕೂತ.

ಶನಿವಾರ ಮಧ್ಯಾಹ್ನ ಅಮ್ಮ ಅಡುಗೆಮನೆಯಲ್ಲಿ ಸಂಜೆಯ ಹಾಡನ್ನು ಅಭ್ಯಾಸ ಮಾಡುತ್ತಿದ್ದಳು. ಮುಂದಿನ ಕೋಣೆಯಲ್ಲಿ ಮಿಷನ್ ಓಡುತ್ತಿತ್ತು. ನಾನು ಕಾಲರಿಗೆ ಇಸ್ತ್ರಿ ಹಾಕುತ್ತಿದ್ದೆ. ಹೊಲಿಗೆ ಅರ್ಧದಲ್ಲಿರುವಾಗಲೇ ಅಪ್ಪ ಮೆಲ್ಲಗೆ ಪೆಡಲಿನ ಮೇಲಿನಿಂದ ಕಾಲು ತೆಗೆದ. ಮಿಷನ್ ನಿಂತಿತು. ಅಮ್ಮನ ಧ್ವನಿ ಒಂದು ಗಳಿಗೆ ತಡವರಿಸಿತು. ಅಪ್ಪ ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಲ್ಲಾಡದೆ ಕೂತಿದ್ದ, ನನಗೂ ಅಲ್ಲಾಡಬೇಡ ಎಂದು ಕಣ್ಣಲ್ಲೇ ಹೇಳಿದ.

ಅಮ್ಮ ಹಾಡು ಮುಂದುವರಿಸಿದಳು.