ಹೆರದವಳ ಹೆರಿಗೆ ಡ್ಯೂಟಿ

ಹೆರಿಗೆ ವಾರ್ಡಿನಲ್ಲಿ ನನ್ನ ಹೆಸರು ಯಾರಿಗೂ ಬೇಕಿಲ್ಲ. ಎಷ್ಟು ಮಕ್ಕಳು ಅಂತ ಕೇಳುತ್ತಾರೆ. ಮದುವೆಯೇ ಆಗಿಲ್ಲ ಅಂದರೆ ಮುಗಿಯಿತು, "ಬೇರೆ ಸಿಸ್ಟರ್‌ನ ಕರೀರಿ" ಅನ್ನುತ್ತಾರೆ. ಡಾಕ್ಟರ್ ಜಯಪ್ರಕಾಶ್ ಸಾರ್ ಎಷ್ಟು ಹೆತ್ತಿದ್ದಾರೆ ಅಂತ ಇದುವರೆಗೆ ಒಬ್ಬಳೂ ಕೇಳಿಲ್ಲ.

ನನ್ನ ಜೊತೆ ನರ್ಸಿಂಗ್ ಓದುವ ಗಾನವಿ ಜಾಣೆ. ಸುಂಟಿಕೊಪ್ಪದ ಸಂತೆಯಲ್ಲಿ ಕಾಲುಂಗುರ ತಗೊಂಡು ಹಾಕಿಕೊಂಡಳು, ಗಂಡ ದುಬೈಯಲ್ಲಿದ್ದಾನೆ ಅಂದಳು, ತನ್ನ ಪಾಲಿನ ಹೆರಿಗೆಗಳನ್ನೆಲ್ಲ ಮಾಡಿಸಿ ಮುಗಿಸಿದಳು. "ನೀನೂ ಹಾಕ್ಕೊಳೇ ಕುಸುಮಾ" ಅಂತ ನನಗೂ ಹೇಳಿದಳು. ಹಾಕಿಕೊಳ್ಳಲಿಲ್ಲ. ಸುಳ್ಳು ಹೇಳಿದರೆ ನನಗೆ ಬಿಕ್ಕಳಿಕೆ ಬರುತ್ತದೆ.

ಡ್ಯೂಟಿಯ ಕೊನೆಯ ದಿನ ಬಂತು. ಇನ್ನೊಂದು ಹೆರಿಗೆ ನನ್ನ ಕೈಯಾರೆ ಆಗಬೇಕು, ಇಲ್ಲದಿದ್ದರೆ ಈ ವರ್ಷ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆ ಇಲ್ಲದೆ ನರ್ಸ್ ಅಂತ ರಿಜಿಸ್ಟ್ರೇಷನ್ ಇಲ್ಲ. ಅಷ್ಟರಲ್ಲಿ ಕೊಡ್ಲಿಪೇಟೆ ಕಡೆಯಿಂದ ಸುಧಾ ಅನ್ನುವವಳನ್ನು ಜೀಪಿನಲ್ಲಿ ಕರೆತಂದರು, ಚೊಚ್ಚಲ ಬಸುರಿ. ಜೊತೆಗೆ ತಾಯಿ ಚನ್ನಬಸಮ್ಮ. ನಾನು ಹೊಟ್ಟೆ ಮುಟ್ಟಿ ನೋಡುವಷ್ಟರಲ್ಲಿ ಕೇಳಿಯೇಬಿಟ್ಟರು.

"ಎಷ್ಟು ಮಕ್ಕಳಮ್ಮ ನಿಂಗೆ?"

"ಮದುವೆ ಆಗಿಲ್ಲಮ್ಮ."

"ಅಯ್ಯೋ ಶಿವನೇ! ನಾನು ಐದು ಹೆತ್ತೋಳು. ಇವಳು ನೋಡಿದ್ರೆ ಪುಸ್ತಕ ಓದ್ಕೊಂಡು ಬಂದವ್ಳೆ."

ಬಾಗಿಲಲ್ಲಿ ನಿಂತಿದ್ದ ವಾರ್ಡಿನ ಹಿರಿಯ ನರ್ಸ್ ಗೋಮತಿ ಸಿಸ್ಟರ್, "ಅವರು ಒಪ್ಪಿದ್ರೆ ನೀನು ಮಾಡಿಸು, ಇಲ್ಲಾಂದ್ರೆ ನಾನೇ ಮಾಡಿಸ್ತೀನಿ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಸುಧಾಳ ಸೊಂಟ ತಿಕ್ಕುತ್ತ ನಿಂತೆ. ಸೊಂಟ ತಿಕ್ಕುವುದಕ್ಕೆ ಮದುವೆ ಆಗಿರಬೇಕು ಅಂತೇನಿಲ್ಲ.

ಚನ್ನಬಸಮ್ಮ ಬಂದಾಗಿನಿಂದ "ಮುಕ್ಕು ಮಗಾ, ಮುಕ್ಕಿ ತಳ್ಳು" ಅನ್ನುತ್ತಲೇ ಇದ್ದರು. "ಈಗಲೇ ಬೇಡ. ಉಸಿರು ಬಿಡು, ಹೊತ್ತು ಬಂದಾಗ ನಾನು ಹೇಳ್ತೀನಿ" ಅಂದೆ. ನೋವು ಏರಿತು. ಮಗಳು ಕಿರುಚಿದಳು. ತಾಯಿ ಅದಕ್ಕಿಂತ ಜೋರಾಗಿ ಕಿರುಚಿ, ಗೋಡೆಗೆ ಒರಗಿ ಗೊಳೋ ಅಂತ ಅಳತೊಡಗಿದರು.

ಗೋಮತಿ ಸಿಸ್ಟರ್ ಗ್ಲೌಸ್ ಕೈಗೆತ್ತಿಕೊಂಡರು. ಆಗ ಸುಧಾ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಅವ್ವಾ, ಐದು ಹೆತ್ತೋಳು ನೀನೇ ಅಳ್ತಾ ಇದ್ದೀಯ. ಹೊರಗೋಗು. ಇವಳು ಇಲ್ಲೇ ಇರಲಿ."

ಸಿಸ್ಟರ್ ಗ್ಲೌಸನ್ನು ನನ್ನ ಕಡೆ ಚಾಚಿದರು.

ಹೆಣ್ಣು ಮಗು. ಕೆಂಪಗೆ, ವಿಪರೀತ ಸಿಟ್ಟಿನಲ್ಲಿತ್ತು. ನನ್ನ ಕೈಯಲ್ಲೇ ಮೊದಲ ಸಲ ಅತ್ತಿತು. ಸುಧಾಳ ಎದೆ ಮೇಲೆ ಮಲಗಿಸಿದೆ. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಕಣ್ಣೀರು ಸುರಿಯುತ್ತಿತ್ತು, ಎರಡೂ ಕೈ ರಕ್ತ, ಒರೆಸಿಕೊಳ್ಳುವ ಹಾಗಿರಲಿಲ್ಲ.

ಒಳಗೆ ಬಂದ ಚನ್ನಬಸಮ್ಮ ಮೊಮ್ಮಗಳನ್ನು ನೋಡಿದರು, ಆಮೇಲೆ ನನ್ನನ್ನು. ಹತ್ತಿರ ಬಂದು ಸೆರಗಿನಿಂದ ನನ್ನ ಮುಖ ಒರೆಸಿದರು.

"ಹೆತ್ತೋಳು ಅವಳಲ್ವೇನೇ? ನೀನ್ಯಾಕೆ ಅಳ್ತೀಯ?"