ಬೋರ್ಡಿಗೆ ಬರೆಯಬಾರದ ಹೆಸರು

ಗಿರಣಿಯಲ್ಲಿ ಜೋಳದ ಹಿಟ್ಟು ಬಿಸಿಬಿಸಿಯಾಗಿ ಚೀಲಕ್ಕೆ ಬೀಳುತ್ತಿದ್ದಾಗ ಮಹೇಶ್ವರಿಯ ಗಂಡ ಯಂಕೋಬ ಫೋನು ಮಾಡಿದ.

"ಅಂಗಡಿ ಹೆಸರಿನ ಚಿಂತಿ ಬಿಡು. ಪೇಂಟರ್ ಮಾಜೀದಗ ಹೇಳೀನಿ. ಇವತ್ತ ಬೋರ್ಡು ಬರದು ಮುಗಸ್ತಾನ."

"ಏನಂತ ಬರೀತಾನ್ರೀ?"

"ಕೂಸಿನ ಹೆಸರು."

ಅವಳ ಕೈಯಿಂದ ಚೀಲದ ಬಾಯಿ ಜಾರಿತು. ಒಂದು ಬೊಗಸೆಯಷ್ಟು ಹಿಟ್ಟು ನೆಲದ ಪಾಲಾಯಿತು. "ಯಾವ ಹೆಸರು?" ಎಂದಳು.

"ಛಲೋ ಹೆಸರು. ಊಟದ ಅಂಗಡಿಗೆ ಭಾಳ ಹೊಂದತೈತಿ. ಅದು ಕೂಸಿನ ಹೆಸರಂತ ಯಾರಿಗೆ ಗೊತ್ತಾಗತೈತಿ ಹೇಳು." ಅಷ್ಟಕ್ಕೇ ಮಾತು ಕಡಿಯಿತು. ಬಾಳೆಗೊನೆ ಹೇರಲು ಆನೆಗೊಂದಿಗೆ ಹೊರಟಿದ್ದ ಅವನ ಸರಕಿನ ಆಟೋ ಗುಡ್ಡದ ಮರೆಗೆ ಹೋಗಿತ್ತು. ಅಲ್ಲಿ ಫೋನು ಹತ್ತುವುದಿಲ್ಲ.

ಮಾಜೀದನಿಗೆ ಫೋನು ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಏಣಿ ಹತ್ತಿದವನು ಫೋನು ಎತ್ತುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಂದರೆ ಬರೆಯಲು ಹತ್ತಿಬಿಟ್ಟಿದ್ದಾನೆ. ಹಿಟ್ಟನ್ನು ಅಲ್ಲೇ ಬಿಟ್ಟು ರಸ್ತೆಗೆ ಓಡಿ, ಗಂಗಾವತಿ ಬಸ್ ನಿಲ್ದಾಣದ ಕಡೆ ಹೋಗುವ ಆಟೋದಲ್ಲಿ ನಾಲ್ಕನೆಯವಳಾಗಿ ತುರುಕಿಕೊಂಡಳು.

ಆ ಹೆಸರು ಮೂರೇ ಮಂದಿಗೆ ಗೊತ್ತು. ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಅದನ್ನು ಉಸುರಿದ ಸೋದರತ್ತೆಗೆ, ಯಂಕೋಬನಿಗೆ, ತನಗೆ. ಮೂರೂವರೆ ವರ್ಷವಾದರೂ ಯಾರೂ ಬಾಯಿಬಿಟ್ಟು ಅಂದಿಲ್ಲ. ಊರಿಗೆಲ್ಲ ಕೂಸು ತಿಪ್ಪವ್ವ. ಹೆರಿಗೆಯಾಗಿ ಗಂಡನ ಮನೆಗೆ ಬಂದ ದಿನವೇ ಅತ್ತೆ ಮಾರೆವ್ವ ಎಳೆಕೂಸನ್ನು ಮೊರದಲ್ಲಿಟ್ಟು ಹಿತ್ತಿಲ ತಿಪ್ಪೆಯ ಮೇಲೆ ಮಲಗಿಸಿದ್ದಳು. ಪಕ್ಕದ ಮನೆಯ ಮೆಹಬೂಬಬೀ, "ಯಾರೋ ಕೂಸು ಬಿಸಾಕಿ ಹೋಗ್ಯಾರವ್ವ, ಯಾರರ ಕೊಳ್ತೀರೇನು?" ಎನ್ನುತ್ತ ಮೊರವನ್ನು ಬಾಗಿಲಿಗೆ ತಂದಳು. ಒಂದು ಸೇರು ತೌಡು ಕೊಟ್ಟು ಮಹೇಶ್ವರಿ ತನ್ನ ಮಗಳನ್ನೇ ಕೊಂಡುಕೊಂಡಳು. ಬೇಡದ ಕೂಸು, ಬಿಸಾಕಿದ ಕೂಸು, ಇನ್ನೊಬ್ಬರ ಕೂಸು ಎಂದು ಸಾವಿಗೆ ಅನ್ನಿಸಬೇಕು. ಅದಕ್ಕೇ ಅಷ್ಟೆಲ್ಲ.

ಅದಕ್ಕೆ ಮೊದಲಿನವೆರಡು ಹೋಗಿದ್ದವು. ಮೊದಲನೆಯ ಗಂಡುಮಗು ನಾಮಕರಣದ ಕಾರ್ಡು ಹಂಚಿ ಮುಗಿಯುವ ಮೊದಲೇ ಹೋಯಿತು. ಎರಡನೆಯದು ಹೆಣ್ಣು. ಯಂಕೋಬ ಹಿಗ್ಗಿ ಹೀರೇಕಾಯಿಯಾಗಿ ಅದರ ಹೆಸರನ್ನು ಆಟೋದ ಹಿಂದೆ ಕೆಂಪು ಅಕ್ಷರದಲ್ಲಿ ಬರೆಸಿದ. ಬರೆದವನು ಇದೇ ಮಾಜೀದ. ಇಪ್ಪತ್ತೆರಡನೆಯ ದಿನಕ್ಕೆ ಕೂಸಿಗೆ ಜ್ವರ ಬಂತು, ಇಪ್ಪತ್ತಾರಕ್ಕೆ ಕೂಸಿರಲಿಲ್ಲ. ಆಮೇಲೆ ಆ ಹೆಸರಿನ ಮೇಲೆ ಹಳದಿ ಬಣ್ಣ ಬಳಿದರು. ಮಳೆಯಲ್ಲಿ ಆಟೋ ತೊಯ್ದರೆ ಅದರ ಕೆಳಗೆ ಈಗಲೂ ಅಕ್ಷರಗಳು ತೋರುತ್ತವೆ. ಮಹೇಶ್ವರಿ ಆ ಆಟೋದ ಹಿಂದೆ ನಡೆಯುವುದಿಲ್ಲ.

"ಏನವ್ವ, ಕೈತುಂಬ ಹಿಟ್ಟು ಹತ್ತೈತಲ್ಲ?" ಎಂದು ಪಕ್ಕದಲ್ಲಿ ಕೂತ ಹೆಂಗಸು ಕೇಳಿದಳು. ಮಹೇಶ್ವರಿ ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಮಾಜೀದನಿಗೆ ಫೋನು ಹಚ್ಚಿದಳು. ಎತ್ತಲಿಲ್ಲ. ಈಗ ಮೊದಲನೆಯ ಅಕ್ಷರ ಮುಗಿದಿರಬೇಕು. ಈಗ ಎರಡನೆಯದು.

ಅಂಗಡಿ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಆರು ವರ್ಷ ಇನ್ನೊಬ್ಬರ ಖಾನಾವಳಿಯಲ್ಲಿ ರೊಟ್ಟಿ ಬಡಿದವಳು ನಾಳೆ ತನ್ನದೇ ಒಲೆ ಹೊತ್ತಿಸುವವಳಿದ್ದಳು. ಬಾಗಿಲ ಮೇಲೆ ಬೋರ್ಡು ಏರಿತ್ತು. ಧೂಳು ಕೂರದಿರಲೆಂದು ಅದರ ಮುಂದೆ ಹಳೆಯ ಸೀರೆಯೊಂದನ್ನು ಇಳಿಬಿಟ್ಟಿದ್ದರು. ಮಾಜೀದ ಕೆಳಗೆ ಕೂತು ಚಹಾ ಕುಡಿಯುತ್ತಿದ್ದ.

ಬರೆದು ಮುಗಿದಿತ್ತು.

ಅವಳು ಮೊದಲು ಒಳಗೆ ಹೋದಳು. ಹಾಡುಹಗಲಲ್ಲಿ ಎಂದೂ ಮಲಗದ ಕೂಸು ಗೋಣಿಚೀಲದ ಮೇಲೆ ಮಲಗಿತ್ತು. ಹಣೆ ಮುಟ್ಟಿದಳು. ಸುಡುತ್ತಿತ್ತು.

"ಬಿಸಿಲಾಗ ಕುಣದು ಕುಣದು ಮಕ್ಕೊಂಡೈತಿ, ಎಬ್ಬಸಬ್ಯಾಡ," ಎಂದಳು ಕೂಸನ್ನು ಕಾಯುತ್ತ ಕೂತಿದ್ದ ಮಾರೆವ್ವ.

ಬಿಸಿಲೋ, ಜ್ವರವೋ? ಮುಟ್ಟಿದ ಕೈಯೇ ತಣ್ಣಗಾಗಿತ್ತು, ಅದರಿಂದ ಏನೂ ತಿಳಿಯುವಂತಿರಲಿಲ್ಲ. ಮಹೇಶ್ವರಿ ಹೊರಗೆ ಬಂದು ಮಾಜೀದನ ಡಬ್ಬಿಯ ಪಕ್ಕದಲ್ಲಿದ್ದ ಸೀಮೆಎಣ್ಣೆಯ ಅರಿವೆಯನ್ನು ಎತ್ತಿಕೊಂಡು ಏಣಿ ಹತ್ತತೊಡಗಿದಳು.

"ಅಕ್ಕಾ, ಇನ್ನಾ ಹಸಿ ಐತಿ, ಮುಟ್ಟಬ್ಯಾಡ್ರಿ."

"ಹಸಿ ಇದ್ದಾಗನ ಅಳಸಬೇಕು."

"ಬರದಿದ್ದನ್ನ ಓದಿ ಬೈಯವರನ್ನ ನೋಡೀನಿ. ಓದದನ ಅಳಸವರನ್ನ ಇವತ್ತ ನೋಡಿದೆ," ಎಂದ ಮಾಜೀದ. ಆದರೂ ಎದ್ದು ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಸೀರೆ ಸರಿಸಿದಾಗ ಅವಳಿಗೆ ಅಕ್ಷರಗಳು ಕಂಡವೇ ಹೊರತು ಹೆಸರು ಕಾಣಲಿಲ್ಲ. ಅರಿವೆಯನ್ನು ಇನ್ನೇನು ಒತ್ತಬೇಕು, ಆಗ ಮೊದಲ ಅಕ್ಷರ ಬೇರೆಯದೆಂದು ಹೊಳೆಯಿತು. ಒಂದೊಂದಾಗಿ ಕೂಡಿಸಿದಳು. ತಿ. ಪ್ಪ. ವ್ವ.

ತಿಪ್ಪವ್ವನ ರೊಟ್ಟಿ ಅಂಗಡಿ.

ಅವಳು ಕೆಳಗಿಳಿದು ಅರಿವೆಯನ್ನು ಡಬ್ಬಿಯ ಪಕ್ಕಕ್ಕೆ ಇಟ್ಟಳು. "ಈ ಹೆಸರು ಯಾರು ಹೇಳಿದ್ರು ಮಾಜೀದಣ್ಣ?"

"ಯಂಕೋಬ ಕೂಸಿನ ಹೆಸರು ಹಾಕು ಅಂದ. ಕೂಸು ಇಲ್ಲೇ ಕುಣೀತಿತ್ತು. ನಿನ್ನ ಹೆಸರೇನವಾ ಅಂದೆ. ತಿಪ್ಪವ್ವ ಅಂತು. ಬ್ಯಾರೆ ಹೆಸರೇನರ ಐತೇನು?"

"ಇಲ್ಲ," ಎಂದಳು ಮಹೇಶ್ವರಿ. "ಅದ ಹೆಸರು."

ಮಧ್ಯಾಹ್ನ ಯಂಕೋಬ ಬಂದು ಬೋರ್ಡಿನ ಕೆಳಗೆ ನಿಂತು ತಲೆ ಎತ್ತಿ ಓದಿದ. "ತಿಪ್ಪಿ ಹೆಸರು ಹಾಕಿದ ಅಂಗಡ್ಯಾಗ ಯಾರು ಉಣ್ತಾರ?"

"ಮತ್ತ ಮಾಜೀದಗ ಆ ಹೆಸರು ಹೇಳಬೇಕಿಲ್ಲೇನ್ರಿ ನೀವು?"

ಅವನು ಆಟೋದ ಕಡೆ ನೋಡಿದ. "ಹೇಳಬೇಕಂತನ ಫೋನು ಮಾಡಿದ್ದೆ. ಬಾಯಿಗೆ ಬರಲಿಲ್ಲ. ಮೆಸೇಜು ಹಾಕಿದ್ರಾತು ಅಂದಕೊಂಡೆ. ಎರಡು ಅಕ್ಷರ ಒತ್ತಿದೆ. ಆಮ್ಯಾಲ ಅಳಿಸಿಬಿಟ್ಟೆ."

ಇಷ್ಟು ದಿನ ಹೆದರಿಕೆ ತನ್ನೊಬ್ಬಳದೇ ಎಂದುಕೊಂಡಿದ್ದ ಮಹೇಶ್ವರಿ ಅವನ ಕೈಗೆ ನೀರಿನ ಚೊಂಬು ಕೊಟ್ಟಳು. ಬೋರ್ಡು ಹಾಗೆಯೇ ಉಳಿಯಿತು. ಸಂಜೆಯ ಹೊತ್ತಿಗೆ ಕೂಸಿನ ಮೈ ತಣ್ಣಗಾಯಿತು. ಆದರೂ ಅವಳು ಮತ್ತೆ ಮತ್ತೆ ಮುಟ್ಟಿ ನೋಡಿದಳು.

ಮರುದಿನ ಒಂಬತ್ತಾದರೂ ಯಾರೂ ಬರಲಿಲ್ಲ. ಕಾಲೇಜಿನ ಇಬ್ಬರು ಹುಡುಗಿಯರು ಬೋರ್ಡು ಓದಿ ನಗುತ್ತ ಮುಂದೆ ಹೋದರು. ಯಂಕೋಬ ನಿನ್ನೆ ಅಂದ ಮಾತು ನಿಜವಾಗುತ್ತದೆಯೇನೋ ಎಂದು ಮಹೇಶ್ವರಿ ಬಾಗಿಲಿಗೆ ಬಂದು ಓಣಿಯ ಎರಡೂ ತುದಿ ನೋಡಿದಳು. ಅಷ್ಟರಲ್ಲಿ ಕುಷ್ಟಗಿ ಬಸ್ಸಿನಿಂದ ಇಳಿದ ಮುದುಕಿಯೊಬ್ಬಳು ಬಾಗಿಲಲ್ಲಿ ನಿಂತು ತಲೆ ಎತ್ತಿ ಬೋರ್ಡನ್ನು ಕೂಡಿಸಿ ಕೂಡಿಸಿ ಓದಿದಳು. ಓದಿ, ಒಳಗೆ ಬಂದು ಕೂತಳು.

"ಎಷ್ಟು ಹೋಗಿದ್ವು ಮಗಳ?"

"ಎರಡು."

"ನನ್ನವು ಮೂರು. ಆಮ್ಯಾಲ ಗುಂಡುಕಲ್ಲಿನ ಹೆಸರಿಟ್ಟೆ, ಗುಂಡಪ್ಪ ಉಳದ. ಈಗ ಅವನ ಮೊಮ್ಮಕ್ಕಳು ಸಾಲಿಗೆ ಹೊಂಟಾವು." ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಬಿಸಿ ರೊಟ್ಟಿ ಎರಡು ಕೊಡು, ಪುಂಡಿಪಲ್ಲೆ ಇದ್ರ ಹಾಕು."

ಮಹೇಶ್ವರಿ ರೊಟ್ಟಿ ಬಡಿದು ಹಂಚಿಗೆ ಹಾಕಿ ಮೇಲೆ ನೀರು ಸವರಿದಳು. ಕೂಸು ಮುದುಕಿಯ ಕೈಚೀಲವನ್ನು ಇಣುಕಿ ನೋಡುತ್ತಿತ್ತು.

"ನಿನ್ನ ಹೆಸರೇನವಾ?" ಎಂದಳು ಮುದುಕಿ. "ಖರೇ ಹೆಸರು ಹೇಳಬೇಕು ಮತ್ತ."

ಹಂಚಿನ ಮೇಲೆ ಮಹೇಶ್ವರಿಯ ಕೈ ನಿಂತಿತು. ಎಂದಾದರೂ ನಿದ್ದೆಗಣ್ಣಿನಲ್ಲಿ ತಾನೇ ಆ ಹೆಸರು ಅಂದಿದ್ದೇನೋ, ಕೂಸು ಕೇಳಿಸಿಕೊಂಡಿದೆಯೋ? ರೊಟ್ಟಿ ಹೊತ್ತುವ ವಾಸನೆ ಬಂತು. ಅವಳು ತಿರುವಿ ಹಾಕಲಿಲ್ಲ.

ಕೂಸು ಅವ್ವನನ್ನು ನೋಡಿತು, ಮುದುಕಿಯನ್ನು ನೋಡಿತು, ಆಮೇಲೆ ಹೊರಗೆ ಬೋರ್ಡಿನ ಕಡೆ ಬೆರಳು ಮಾಡಿತು.

"ತಿಪ್ಪವ್ವ."

ಮಹೇಶ್ವರಿ ಹೊತ್ತಿದ ರೊಟ್ಟಿಯನ್ನು ತನಗೆಂದು ಪಕ್ಕಕ್ಕಿಟ್ಟು, ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡಳು.