ಗುಲಾಬಿಯ ತೊಟ್ಟು, ಸೆರಗಿನ ಗಂಟು

ರಸೆಲ್ ಮಾರುಕಟ್ಟೆಯ ಹೂವಿನ ಸಾಲಿಗೆ ಬೆಳಕಿಗಿಂತ ಮೊದಲು ಘಮ ಬರುತ್ತದೆ. ಆ ಘಮದ ನಡುವೆ ಕೂತು ಆಂಜನಮ್ಮ ಇಪ್ಪತ್ತೆಂಟು ವರ್ಷದಿಂದ ಗುಲಾಬಿ ಮಾರುತ್ತಾಳೆ. ಆ ಶನಿವಾರ ಮಾತ್ರ ಅವಳ ಕೈ ಹೂವಿನ ಮೇಲಿತ್ತು, ಜೀವವೆಲ್ಲ ಸೊಸೆಯ ಮೇಲಿತ್ತು.

ಸೊಸೆ ಹಂಸಳಿಗೆ ಮೂವತ್ತೊಂದು. ಮದುವೆಯಾಗಿ ಎರಡು ವರ್ಷ. ಇನ್ನೂ ಬಾರದ ಮಗುವಿಗೆ ಆಗಲೇ ಹಳದಿ ಕುಲಾವಿ ಹೆಣೆದಿಟ್ಟವಳು. ಮೊನ್ನೆ ಆಸ್ಪತ್ರೆಯ ತಪಾಸಣೆಯಲ್ಲಿ ಅವಳ ಗರ್ಭಕೋಶದ ಬಾಯಿಯಲ್ಲಿ, ಅಂದರೆ ಗರ್ಭಕಂಠದಲ್ಲಿ, ಕ್ಯಾನ್ಸರ್‌ಗೂ ಮುಂಚಿನ ಬದಲಾವಣೆ ಕಂಡಿತ್ತು. ಆಂಜನಮ್ಮನ ಸ್ವಂತ ಅಕ್ಕ ಅಕ್ಕಯಮ್ಮ ಅದೇ ಜಾಗದ ಕ್ಯಾನ್ಸರಿನಿಂದ ಹೋದವಳು.

"ಗರ್ಭಕೋಶಾನೇ ತೆಗೆಸಿಬಿಡೋಣ ಕಣಮ್ಮ. ಮೊಮ್ಮಗು ಇಲ್ದಿದ್ರೂ ಆಗುತ್ತೆ, ನೀನಿಲ್ದಿದ್ರೆ ಆಗಲ್ಲ."

ಹಂಸ ಪಕ್ಕದಲ್ಲೇ ಕೂತು ಹೂ ಕಟ್ಟುತ್ತಿದ್ದಳು. ಅವಳ ಕೈಯ ದಾರ ಗೋಜಲಾಯಿತು.

ಅಷ್ಟರಲ್ಲಿ ಆ ಆಸ್ಪತ್ರೆಯ ನರ್ಸ್ ಮಾರಿಯಾ ಚರ್ಚಿಗೆ ಹೂ ಕೊಳ್ಳಲು ಬಂದಳು. "ಏನಮ್ಮ, ಹೂವಿಗಿಂತ ನಿಮ್ಮ ಮುಖಾನೇ ಬಾಡಿದೆ?"

"ನಿಮ್ಮ ಡಾಕ್ಟರು ಇನ್ನೊಂದು ಟೆಸ್ಟ್ ಮಾಡೋಣ ಅಂತಾರೆ ಸಿಸ್ಟರಮ್ಮ. ಕಂಡ ಮೇಲೆ ಇನ್ನೇನು ನೋಡೋದು? ಮಾತ್ರೆ ಇಲ್ಲ, ಸೂಜಿ ಇಲ್ಲ. ಅವರೇನು ಡಾಕ್ಟರೋ, ಶಾಸ್ತ್ರ ಹೇಳೋರೋ?"

ಮಾರಿಯಾ ನಕ್ಕು, ಎಸಳಿಗೆ ಕಲೆಯಾದ ಒಂದು ಗುಲಾಬಿ ಎತ್ತಿಕೊಂಡಳು. "ಇದನ್ನ ಯಾಕೆ ಬಿಸಾಕಿಲ್ಲ?"

"ಎಸಳಿಗೆ ಕಲೆ ಬಿದ್ರೆ ಹೂವೇ ಹೋಯ್ತಾ? ತೊಟ್ಟು ಒತ್ತಿ ನೋಡ್ಬೇಕು. ಗಟ್ಟಿ ಇದ್ರೆ ಒದ್ದೆ ಬಟ್ಟೆ ಹೊದಿಸಿ, ಮಧ್ಯಾಹ್ನ ಮತ್ತೆ ನೋಡ್ತೀನಿ. ಮೆತ್ತಗಿದ್ರೆ ಆಗ್ಲೇ ತೆಗೀತೀನಿ."

"ಡಾಕ್ಟರೂ ತೊಟ್ಟು ಒತ್ತಿ ನೋಡ್ತೀನಿ ಅಂತಿರೋದು," ಎಂದಳು ಮಾರಿಯಾ, ಪಕ್ಕದಲ್ಲೇ ಕೂರುತ್ತ. "ಎಚ್‌ಪಿವಿ ಅನ್ನೋ ವೈರಸ್ ಹೋಗದೆ ಕೂತ್ರೆ ಈ ಬದಲಾವಣೆ ಬರುತ್ತೆ. ಕೆಲವು ತಾನಾಗೇ ಸರಿಹೋಗುತ್ವೆ, ಕೆಲವು ಕ್ಯಾನ್ಸರ್ ಕಡೆ ಹೋಗುತ್ವೆ. ಮೇಲಿಂದ ನೋಡಿದ್ರೆ ಎರಡೂ ಒಂದೇ ಥರ. ಜೀವಕೋಶದ ಡಿಎನ್‌ಎ ಮೇಲೆ ಸಣ್ಣ ಗುರುತು ಮೆತ್ತಿಕೊಳ್ತವೆ, ಮಿಥೈಲೇಷನ್ ಅಂತಾರೆ. ಅಪಾಯ ಹೆಚ್ಚಿರೋ ಕಡೆ ಆ ಗುರುತೂ ಹೆಚ್ಚು. ಕಡಿಮೆ ಇದ್ರೆ ಕಾದು ನೋಡಬಹುದು. ಜಾಸ್ತಿ ಇದ್ರೆ ತಡಮಾಡದೆ ಆ ಭಾಗ ತೆಗೀತಾರೆ. ಅಷ್ಟು ಭಾಗ ಮಾತ್ರ, ಇಡೀ ಗರ್ಭಕೋಶ ಅಲ್ಲ."

"ಆ ಭಾಗ ಈಗ್ಲೇ ತೆಗೆದುಬಿಡ್ಲಿ ಮತ್ತೆ."

"ಬೇಕಿಲ್ಲದೆ ತೆಗೆದ್ರೆ, ಮುಂದೆ ದಿನ ತುಂಬೋಕೆ ಮುಂಚೆ ಹೆರಿಗೆ ಆಗೋ ಅಪಾಯ ಸ್ವಲ್ಪ ಹೆಚ್ಚುತ್ತೆ."

ಆಗ ಹಂಸ ಬಾಯಿಬಿಟ್ಟಳು. "ಅತ್ತೆ, ಕೆಟ್ಟಿದ್ರೆ ತೆಗೆಸ್ಕೊಳ್ತೀನಿ. ನೋಡದೇನೇ ಬೇಡ."

ಆಂಜನಮ್ಮ ಕಲೆಯ ಗುಲಾಬಿಯ ತೊಟ್ಟು ಒತ್ತಿದಳು. ಗಟ್ಟಿಯಿತ್ತು. ಅದನ್ನು ಒದ್ದೆ ಬಟ್ಟೆಯ ಕೆಳಗಿಟ್ಟು, "ಆಯ್ತು, ನೋಡ್ಲಿ," ಎಂದಳು.

ಫಲಿತಾಂಶ ಬಂತು. ಗುರುತು ಕಡಿಮೆಯಿತ್ತು. "ಕಡಿಮೆ ಅಂದ್ರೆ ಮರೆತುಬಿಡಿ ಅಂತಲ್ಲ," ಎಂದರು ಡಾಕ್ಟರು. "ಆರು ತಿಂಗಳಿಗೆ ಬರಲೇಬೇಕು."

ಆಂಜನಮ್ಮ ಅಲ್ಲೇ ಸೆರಗಿನ ತುದಿಗೆ ಗಂಟು ಹಾಕಿದಳು. ಸೀರೆ ಬದಲಾದಾಗಲೆಲ್ಲ ಗಂಟೂ ಹೊಸ ಸೆರಗಿಗೆ ಬಂತು. ಆರನೆಯ ತಿಂಗಳು ಸೊಸೆಯ ಕೈಹಿಡಿದು ತಾನೇ ಕರೆದೊಯ್ದಳು. ಬದಲಾವಣೆ ಬಹುತೇಕ ಹಿಂದೆ ಸರಿದಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗಂಟು ಬಿಚ್ಚುವಾಗ ಅವಳ ಕಣ್ಣು ಮಂಜಾಗಿತ್ತು.

"ನಿಮ್ದು ಯಾವತ್ತು ನೋಡಿಸಿದ್ರಿ ಅಮ್ಮ?" ಎಂದಳು ಒಳಗಿಂದ ಬಂದ ಮಾರಿಯಾ.

"ನಂದಾ? ಐವತ್ತನಾಲ್ಕು ಆಯ್ತು. ಈ ಮುದುಕೀದೇನು ನೋಡೋದು."

ಹಂಸ ಅತ್ತೆಯ ಸೆರಗು ಎಳೆದುಕೊಂಡು ಹೊಸ ಗಂಟು ಬಿಗಿದಳು. "ಸೋಮವಾರ, ಅತ್ತೆ. ನಾನೇ ಕರ್ಕೊಂಡು ಬರ್ತೀನಿ."

ಸೋಮವಾರ ಗುಲಾಬಿ ಬುಟ್ಟಿ ಪಕ್ಕದ ಅಂಗಡಿಯಲ್ಲಿ ಕಾದು ಕೂತಿತ್ತು.

ಇದನ್ನು ಓದುತ್ತಿರುವ ಅಕ್ಕ, ಅಮ್ಮ, ನಿಮಗೆ ಮೂವತ್ತು ದಾಟಿದ್ದರೆ ಗರ್ಭಕಂಠದ ತಪಾಸಣೆ ಮಾಡಿಸಿ. ಬದಲಾವಣೆ ಕಂಡರೆ ಹೆದರಿ ಗರ್ಭಕೋಶ ತೆಗೆಸಬೇಡಿ, ಹೆದರಿ ಮನೆಯಲ್ಲೂ ಕೂರಬೇಡಿ. ಮಿಥೈಲೇಷನ್ ಪರೀಕ್ಷೆ ಇನ್ನೂ ಎಲ್ಲೆಡೆ ಸಿಗುವುದಿಲ್ಲ. ಅದು ನನಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ. ಕಾಯಲು ಹೇಳಿದರೆ ಮತ್ತೆ ಹೋಗುವ ದಿನ ತಪ್ಪಿಸಬೇಡಿ. ನಿಮ್ಮ ಸೆರಗಿಗೂ ಇವತ್ತೇ ಒಂದು ಗಂಟು ಹಾಕಿಕೊಳ್ಳಿ.